ಷಿಕಾಗೋದ ಯಂಗರ್ ಮನೆಯವರು ಕಡಲು ದಾಟಿದ ಕಥೆ

ಎರಡೇ ಎರಡು ಪದಗಳ ಮೇಲೆ ನಾವು ನಾಲ್ಕು ಜನ ಒಂದು ಇಡೀ ಸಂಜೆ ಕೂತಿದ್ದೆವು. ಭಾನುವಾರ ಗೆಳೆಯನ ಮನೆಯ ತಾರಸಿಯಲ್ಲಿ ಸೇರಿ ಒಂದು ನಾಟಕ ಓದುವುದು ನಮ್ಮ ರೂಢಿ. ಆ ವಾರ ಕೈಗೆತ್ತಿಕೊಂಡದ್ದು ಲೊರೇನ್ ಹ್ಯಾನ್ಸ್‌ಬೆರಿ ಬರೆದ 'ಎ ರೈಸಿನ್ ಇನ್ ದ ಸನ್'. ಇಂಗ್ಲಿಷಿನಲ್ಲಿ ಓದುತ್ತಾ, ಅಲ್ಲಲ್ಲೇ ಬಾಯಿಮಾತಿನಲ್ಲಿ ಕನ್ನಡ ಮಾಡಿಕೊಳ್ಳುತ್ತಾ ಹೋಗುತ್ತಿದ್ದೆವು. ಎರಡನೇ ಅಂಕದಲ್ಲಿ ಕಾರ್ಲ್ ಲಿಂಡ್ನರ್ ಅನ್ನುವ ಬಿಳಿಯ ಬರುತ್ತಾನೆ. ಕೈಯಲ್ಲಿ ಟೋಪಿ, ಬ್ರೀಫ್‌ಕೇಸು. ತುಂಬಾ ನಯವಾದ ಮನುಷ್ಯ. 'ನೀವು ನಮ್ಮ ಬೀದಿಗೆ ಬರಬೇಡಿ, ನಿಮಗೆ ಲಾಭವಾಗುವ ಬೆಲೆಗೆ ಆ ಮನೆಯನ್ನು ನಾವೇ ವಾಪಸ್ ಕೊಳ್ಳುತ್ತೇವೆ' ಅಂತ ಹೇಳುವುದಕ್ಕೆ ಬಂದವನು. ಮಾತಿನ ನಡುವೆ ಅವನ ಬಾಯಿಂದ 'ಯೂ ಪೀಪಲ್' ಅನ್ನುವ ಎರಡು ಪದ ಜಾರುತ್ತವೆ.

ಇದನ್ನು ಕನ್ನಡದಲ್ಲಿ ಹೇಗೆ ಹೇಳೋದು? 'ನೀವೆಲ್ಲ' ಅಂದರೆ ವಿಷ ಇಳಿದುಹೋಗುತ್ತದೆ. 'ನಿಮ್ಮಂಥವರು' ಅಂದರೆ ಜಗಳಕ್ಕೆ ನಿಂತ ಹಾಗಾಗುತ್ತದೆ, ಲಿಂಡ್ನರ್ ಜಗಳಗಂಟನಲ್ಲ. ತುಂಬ ಹೊತ್ತಾದ ಮೇಲೆ ಯಾರೋ ಮೆಲ್ಲಗೆ 'ನಿಮ್ಮ ಜನ' ಅಂದರು. ಎಲ್ಲರೂ ಸುಮ್ಮನಾದೆವು. ಬಾಡಿಗೆ ಮನೆ ಹುಡುಕುವಾಗ 'ನೀವು ಯಾವ ಜನ?' ಅಂತ ಕೇಳಿಸಿಕೊಂಡವರಿಗೆ ಆ ಪದದ ತೂಕ ಗೊತ್ತು.

ಅವತ್ತಿನಿಂದ ನನಗೊಂದು ಕುತೂಹಲ ಹಿಡಿಯಿತು. ಈ ನಾಟಕ 30ಕ್ಕೂ ಹೆಚ್ಚು ಭಾಷೆಗಳಿಗೆ ಹೋಗಿದೆ. ಅಮೆರಿಕದ ಒಂದು ಊರಿನ, ಒಂದು ಬೀದಿಯ, ಒಂದು ಕಪ್ಪು ಕುಟುಂಬದ ಕಥೆ. ಅದು ಬೇರೆ ದೇಶದ ವೇದಿಕೆ ಹತ್ತಿದಾಗ ಏನಾಗುತ್ತದೆ? ಓದುತ್ತಾ ಹೋದಂತೆ ನನಗೆ ಕಂಡದ್ದು ಇಷ್ಟು. ಮಾತನ್ನು ಅನುವಾದ ಮಾಡುವುದು ಕಷ್ಟವೇ, ಆದರೆ ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ಆ ಮನೆಯವರಾಗಿ ವೇದಿಕೆ ಮೇಲೆ ನಿಲ್ಲುವವರು ಯಾರು? ಪ್ರತಿ ದೇಶವೂ ಇದಕ್ಕೆ ಉತ್ತರ ಕೊಡಬೇಕಾಯಿತು. ಕೆಲವು ದೇಶಗಳು ಉತ್ತರ ಕೊಡುವುದಕ್ಕೆ ಅರವತ್ತು ವರ್ಷ ತೆಗೆದುಕೊಂಡವು.

ಮೊದಲು ಕಥೆ ಹೇಳಿಬಿಡುತ್ತೇನೆ. ಷಿಕಾಗೋದ ದಕ್ಷಿಣ ಭಾಗದಲ್ಲಿ ಯಂಗರ್ ಅನ್ನುವ ಕಪ್ಪು ಕುಟುಂಬದ ಒಂದು ಇಕ್ಕಟ್ಟಾದ ಬಾಡಿಗೆ ಮನೆ. ಬಚ್ಚಲುಮನೆ ಹೊರಗಡೆ, ಪಕ್ಕದವರ ಜೊತೆ ಹಂಚಿಕೊಳ್ಳಬೇಕು. ಇಡೀ ಮನೆಗೆ ಬೆಳಕು ಬರುವುದು ಅಡುಗೆ ಮಾಡುವ ಜಾಗದ ಒಂದು ಪುಟ್ಟ ಕಿಟಕಿಯಿಂದ. ಮುದುಕಿ ಲೀನಾ, ಅವಳ ಮಗ ವಾಲ್ಟರ್ ಲೀ, ಸೊಸೆ ರೂತ್, ಡಾಕ್ಟರಾಗುವ ಕನಸಿನ ಮಗಳು ಬೆನಿತಾ, ಮೊಮ್ಮಗ ಟ್ರಾವಿಸ್. ಹುಡುಗ ಮಲಗುವುದು ಹಜಾರದ ಸೋಫಾ ಮೇಲೆ. ಯಜಮಾನ ದುಡಿದು ದುಡಿದು ಸತ್ತಿದ್ದಾನೆ. ಅವನ ವಿಮೆ ಹಣ 10,000 ಡಾಲರ್ ಚೆಕ್ ಬರಬೇಕು. ಮಗನಿಗೆ ಹೆಂಡದಂಗಡಿ ಹಾಕುವ ಆಸೆ. ತಾಯಿ 3,500 ಡಾಲರ್ ಮುಂಗಡ ಕೊಟ್ಟು ಒಂದು ಮನೆ ಹಿಡಿಯುತ್ತಾಳೆ. ಆ ಮನೆ ಇರುವುದು ಕ್ಲೈಬೋರ್ನ್ ಪಾರ್ಕ್ ಅನ್ನುವ ಬಿಳಿಯರ ಬಡಾವಣೆಯಲ್ಲಿ. ಉಳಿದ 6,500 ಡಾಲರನ್ನು ಮಗನ ಕೈಗೆ ಕೊಡುತ್ತಾಳೆ, ಅದರಲ್ಲಿ 3,000 ತಂಗಿಯ ಓದಿಗೆ ಅಂತ ಹೇಳಿ. ಮಗ ಅಷ್ಟನ್ನೂ ನಂಬಿದ ಗೆಳೆಯನಿಗೆ ಕೊಟ್ಟು ಕಳೆದುಕೊಳ್ಳುತ್ತಾನೆ. ಅದೇ ಹೊತ್ತಿಗೆ ಲಿಂಡ್ನರನ ದುಡ್ಡು ಮುಂದೆ ಕಾಯುತ್ತಿದೆ. ತೆಗೆದುಕೊಂಡು ಬಾಗಬೇಕೋ, ಹೋಗಿ ಆ ಮನೆಯಲ್ಲಿ ಇರಬೇಕೋ?

ಹ್ಯಾನ್ಸ್‌ಬೆರಿ ಇದನ್ನು ಕೂತಲ್ಲೇ ಕಟ್ಟಿದ್ದಲ್ಲ. 1937ರಲ್ಲಿ ಆಕೆಯ ತಂದೆ ಕಾರ್ಲ್ ಹ್ಯಾನ್ಸ್‌ಬೆರಿ ಷಿಕಾಗೋದ ರೋಡ್ಸ್ ಅವೆನ್ಯೂನಲ್ಲಿ ಮನೆ ಕೊಂಡರು. ಆ ಕಾಲಕ್ಕೆ ಅಲ್ಲಿನ ಮನೆ ಮಾಲೀಕರು ತಮ್ಮೊಳಗೆ ಒಂದು ಕರಾರು ಮಾಡಿಕೊಳ್ಳುತ್ತಿದ್ದರು: 'ಕಪ್ಪು ಜನರಿಗೆ ಮಾರುವುದಿಲ್ಲ, ಬಾಡಿಗೆಗೂ ಕೊಡುವುದಿಲ್ಲ.' ಆ ಕರಾರು ಜಾರಿಗೆ ಬರಬೇಕಾದರೆ ಬೀದಿಯ ಶೇಕಡಾ 95ರಷ್ಟು ಮಾಲೀಕರ ಸಹಿ ಬೇಕಿತ್ತು. ನಿಜವಾಗಿ ಬಿದ್ದಿದ್ದದ್ದು ಸುಮಾರು ಶೇಕಡಾ 54. ಆದರೂ ಕೆಳಗಿನ ಕೋರ್ಟುಗಳು ಕರಾರಿನ ಪರ ನಿಂತವು. ಮನೆ ಮುಂದೆ ಜನ ಸೇರಿದರು. ಕಿಟಕಿ ಒಡೆದು ಒಳಗೆ ಬಂದ ಇಟ್ಟಿಗೆ ಏಳೆಂಟು ವರ್ಷದ ಲೊರೇನಳ ತಲೆಯ ಪಕ್ಕದಲ್ಲೇ ಹಾದುಹೋಯಿತು. ರಾತ್ರಿಯೆಲ್ಲ ತಾಯಿ ಪಿಸ್ತೂಲು ಹಿಡಿದು ಮನೆ ಕಾಯುತ್ತಿದ್ದರು. 1940ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹ್ಯಾನ್ಸ್‌ಬೆರಿ ಪರ ತೀರ್ಪು ಕೊಟ್ಟಿತು. ಆದರೆ ಅದು ತಾಂತ್ರಿಕ ಕಾರಣದ ಮೇಲೆ. ಇಂಥ ಕರಾರನ್ನು ಕೋರ್ಟಿನ ಮೂಲಕ ಜಾರಿ ಮಾಡಿಸುವ ಹಾಗಿಲ್ಲ ಅಂತ ಆಗಿದ್ದು 1948ರ ಇನ್ನೊಂದು ತೀರ್ಪಿನಲ್ಲಿ. ಆ ಹೊತ್ತಿಗೆ ಕಾರ್ಲ್ ತೀರಿಕೊಂಡು ಎರಡು ವರ್ಷವಾಗಿತ್ತು. ಆತ ಸತ್ತದ್ದು ಅಮೆರಿಕದಲ್ಲೂ ಅಲ್ಲ, ಮೆಕ್ಸಿಕೋದಲ್ಲಿ.

ಮಗಳು ನ್ಯೂಯಾರ್ಕಿಗೆ ಬಂದು ಪಾಲ್ ರೋಬ್ಸನ್ ಅವರ 'ಫ್ರೀಡಂ' ಪತ್ರಿಕೆಯಲ್ಲಿ ಕೆಲಸ ಮಾಡಿದಳು. ರೋಬ್ಸನ್ ದೊಡ್ಡ ಗಾಯಕ, ದೊಡ್ಡ ನಟ. ಎಡಪಂಥದವನು ಅಂತ ಸರ್ಕಾರ ಅವರ ಪಾಸ್‌ಪೋರ್ಟ್ ಕಿತ್ತುಕೊಂಡಿತ್ತು. 1952ರಲ್ಲಿ ಉರುಗ್ವೆಯ ಮಾಂಟೆವಿಡಿಯೋದಲ್ಲಿ ಒಂದು ಶಾಂತಿ ಸಮಾವೇಶ ನಡೆಯಿತು. ರೋಬ್ಸನ್ ಹೋಗುವ ಹಾಗಿಲ್ಲ, ಅವರ ಬದಲು ಲೊರೇನ್ ಹೋದಳು. ವಾಪಸ್ ಬಂದ ಮೇಲೆ ಅವಳ ಪಾಸ್‌ಪೋರ್ಟೂ ಹೋಯಿತು. ಈ ನಾಟಕ ದೇಶ ದೇಶ ಸುತ್ತಿದ್ದನ್ನು ಓದುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಬರೆದವಳನ್ನು ದೇಶದೊಳಗೇ ಕಟ್ಟಿಹಾಕಿದ್ದವರಿಗೆ ಅವಳ ಬರಹವನ್ನು ಕಟ್ಟಿಹಾಕಲು ಆಗಲಿಲ್ಲ. ಪ್ರಯತ್ನ ಇರಲಿಲ್ಲ ಅಂತಲ್ಲ, ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಕೇರಿ ಬ್ರಾಡ್‌ವೇಗೆ ಬರುವ ಮುಂಚೆ ಫಿಲಡೆಲ್ಫಿಯಾದಲ್ಲಿ ಪ್ರದರ್ಶನ ನಡೆದಾಗ ಎಫ್‌ಬಿಐ ಏಜೆಂಟ್ ಒಬ್ಬ ಸಭಿಕರ ನಡುವೆ ಕೂತು ನೋಡಿ ವರದಿ ಬರೆದ. ಇದರಲ್ಲಿ ಕಮ್ಯುನಿಸಂ ಪ್ರಚಾರ ಕಾಣಲಿಲ್ಲ ಅನ್ನುವುದು ಅವನ ವರದಿಯ ಸಾರ.

1959ರ ಮಾರ್ಚ್ 11ರಂದು ನ್ಯೂಯಾರ್ಕಿನ ಎಥೆಲ್ ಬ್ಯಾರಿಮೋರ್ ಥಿಯೇಟರಿನಲ್ಲಿ ತೆರೆ ಎದ್ದಿತು. ಬ್ರಾಡ್‌ವೇಯಲ್ಲಿ ಕಪ್ಪು ಹೆಣ್ಣುಮಗಳೊಬ್ಬಳು ಬರೆದ ನಾಟಕ ಅದೇ ಮೊದಲು. ದುಡ್ಡು ಹೂಡುವುದಕ್ಕೆ ದೊಡ್ಡ ಕುಳಗಳು ಬರಲಿಲ್ಲ. ನಿರ್ಮಾಪಕ ಫಿಲಿಪ್ ರೋಸ್ ಸುಮಾರು 150 ಜನರಿಂದ ಅಷ್ಟಿಷ್ಟು ಅಂತ ಕೂಡಿಸಿದರು. ಸಿಡ್ನಿ ಪೊಯಿಟಿಯರ್, ರೂಬಿ ಡೀ, ಕ್ಲಾಡಿಯಾ ಮೆಕ್‌ನೀಲ್, ಡಯಾನಾ ಸ್ಯಾಂಡ್ಸ್ ಅಭಿನಯ, ಲಾಯ್ಡ್ ರಿಚರ್ಡ್ಸ್ ನಿರ್ದೇಶನ. 530 ಪ್ರದರ್ಶನ ಕಂಡಿತು. ನ್ಯೂಯಾರ್ಕಿನ ನಾಟಕ ವಿಮರ್ಶಕರ ಪ್ರಶಸ್ತಿ ಬಂದಾಗ ಲೊರೇನಳಿಗೆ ಇನ್ನೂ 30 ತುಂಬಿರಲಿಲ್ಲ.

ಇಷ್ಟು ಅಮೆರಿಕದ ಕಥೆ. ಈಗ ಕಡಲಿಗೆ ಇಳಿಯೋಣ.

ಮೊದಲ ನಿಲ್ದಾಣ ಲಂಡನ್. ಅದೇ ವರ್ಷ ಆಗಸ್ಟ್ 4ಕ್ಕೆ ವೆಸ್ಟ್ ಎಂಡಿನ ಅಡೆಲ್ಫಿ ಥಿಯೇಟರಿನಲ್ಲಿ ಶುರುವಾಯಿತು, ಬ್ರಾಡ್‌ವೇಯಲ್ಲಿ ತೆರೆ ಎದ್ದು ಐದು ತಿಂಗಳೂ ಆಗಿರಲಿಲ್ಲ. ನಿರ್ದೇಶಕರು ಅವರೇ, ಲಾಯ್ಡ್ ರಿಚರ್ಡ್ಸ್. ಆದರೆ ನ್ಯೂಯಾರ್ಕಿನ ತಂಡ ಇನ್ನೂ ಅಲ್ಲೇ ಆಡುತ್ತಿತ್ತು, ಹಾಗಾಗಿ ಇಲ್ಲಿಗೆ ಬೇರೆ ತಂಡ ಬೇಕಾಯಿತು. ವಾಲ್ಟರ್ ಲೀ ಆಗಿ ಅರ್ಲ್ ಹೈಮನ್, ಲೀನಾ ಆಗಿ ಹುವಾನಿಟಾ ಮೂರ್, ರೂತ್ ಆಗಿ ಕಿಮ್ ಹ್ಯಾಮಿಲ್ಟನ್, ಬೆನಿತಾ ಆಗಿ ಓಲ್ಗಾ ಜೇಮ್ಸ್. ನಾಲ್ವರೂ ಅಮೆರಿಕದವರು. ಇದನ್ನು ಸ್ವಲ್ಪ ಗಮನಿಸಿ. ಆ ಹೊತ್ತಿಗೆ ಲಂಡನ್ನಿನಲ್ಲಿ ಕೆರಿಬಿಯನ್ ದ್ವೀಪಗಳಿಂದ, ಆಫ್ರಿಕಾದಿಂದ ಬಂದ ಸಾವಿರಾರು ಜನ ಇದ್ದರು. ಅವರ ನಡುವೆ ನಟರೂ ಇದ್ದರು. ಆದರೂ ಮುಖ್ಯ ಪಾತ್ರಗಳು ಅಟ್ಲಾಂಟಿಕ್ ಆಚೆಯಿಂದ ಬಂದವು.

ಲಂಡನ್ನಿನ ಜನ ಅವತ್ತು ಏನು ನೋಡಿದರು ಅನ್ನುವುದಕ್ಕೆ ಆ ವರ್ಷವನ್ನೂ ನೋಡಬೇಕು. 1958ರ ಬೇಸಿಗೆಯ ಕೊನೆಗೆ ನಾಟಿಂಗ್ ಹಿಲ್‌ನಲ್ಲಿ ಬಿಳಿ ಹುಡುಗರ ಗುಂಪುಗಳು ಕೆರಿಬಿಯನ್ ಜನರ ಮನೆಗಳ ಮೇಲೆ ದಾಳಿ ಮಾಡಿದ್ದವು. 1959ರ ಮೇ ತಿಂಗಳಲ್ಲಿ ಅದೇ ಬಡಾವಣೆಯ ಬೀದಿಯಲ್ಲಿ ಆಂಟಿಗಾದಿಂದ ಬಂದ ಬಡಗಿ ಕೆಲ್ಸೋ ಕಾಕ್ರೇನ್ ಎಂಬಾತನನ್ನು ಇರಿದು ಕೊಂದರು. ಯಾರಿಗೂ ಶಿಕ್ಷೆಯಾಗಲಿಲ್ಲ. ಬಾಡಿಗೆ ಕೋಣೆಗಳ ಕಿಟಕಿಯಲ್ಲಿ 'ಕಪ್ಪು ಜನರಿಗಿಲ್ಲ' ಅಂತ ಚೀಟಿ ಅಂಟಿಸುವುದು ಕಾನೂನಿನ ಪ್ರಕಾರ ತಪ್ಪೇ ಆಗಿರಲಿಲ್ಲ. ಮನೆ ಕೊಡುವಾಗ ಬಣ್ಣ ನೋಡಬಾರದು ಅಂತ ಬ್ರಿಟನ್ನಿನಲ್ಲಿ ಕಾನೂನು ಬಂದದ್ದು 1968ರಲ್ಲಿ. ಕಾಕ್ರೇನ್ ಸತ್ತು ಮೂರು ತಿಂಗಳು ತುಂಬುವ ಮೊದಲೇ ಅಡೆಲ್ಫಿಯಲ್ಲಿ ಲಿಂಡ್ನರ್ ಟೋಪಿ ಹಿಡಿದು ಬಂದು ನಿಂತ. 'ಇದು ಅಮೆರಿಕದ ಸಮಸ್ಯೆ, ನಮ್ಮದಲ್ಲ' ಅಂತ ಅಂದುಕೊಂಡು ಮನೆಗೆ ಹೋಗುವುದು ಒಬ್ಬ ಲಂಡನ್ ಪ್ರೇಕ್ಷಕನಿಗೆ ಸುಲಭವಾಗಿತ್ತು. ವೇದಿಕೆ ಮೇಲಿನ ಮುಖ್ಯ ನಟರು ಅಮೆರಿಕದವರೇ ಆದಾಗ ಇನ್ನೂ ಸುಲಭ.

ಅರ್ಲ್ ಹೈಮನ್ ಬಗ್ಗೆ ಒಂದು ಮಾತು, ಸುಮ್ನೆ ಬಿಡಲು ಮನಸ್ಸಿಲ್ಲ. ಈತನಿಗೆ ನಾರ್ವೆ ಅಂದರೆ ಪ್ರಾಣ. ಆ ಭಾಷೆ ಕಲಿತು, 1963ರಲ್ಲಿ ಬರ್ಗೆನ್ ಊರಿನ ರಂಗಮಂದಿರದಲ್ಲಿ ನಾರ್ವೇಜಿಯನ್ ಭಾಷೆಯಲ್ಲೇ ಒಥೆಲೋ ಪಾತ್ರ ಮಾಡಿದ. ಕಪ್ಪು ನಟನೊಬ್ಬ ಪರದೇಶದಲ್ಲಿ, ಪರಭಾಷೆಯಲ್ಲಿ, ಆ ಊರಿನವರ ಜೊತೆ ನಿಂತು ಆಡಿದ.

ಇನ್ನು ಶೀತಲ ಸಮರದ ವಿಷಯ. ಆಗ ಅಮೆರಿಕಕ್ಕೆ ಹೊರಗಡೆ ಇದ್ದ ದೊಡ್ಡ ಮುಜುಗರ ಅಂದರೆ ಬಣ್ಣಭೇದ. 1952ರಲ್ಲಿ, ಶಾಲೆಗಳ ಪ್ರತ್ಯೇಕತೆಯ ಮೊಕದ್ದಮೆ ನಡೆಯುವಾಗ, ಅಮೆರಿಕದ ನ್ಯಾಯ ಇಲಾಖೆಯೇ ಸುಪ್ರೀಂ ಕೋರ್ಟಿಗೆ ಬರೆದುಕೊಟ್ಟಿತ್ತು: ಬಣ್ಣಭೇದದಿಂದ ಕಮ್ಯುನಿಸ್ಟರ ಪ್ರಚಾರಕ್ಕೆ ಮೇವು ಸಿಗುತ್ತಿದೆ ಅಂತ. ಹಾಗಾಗಿ ಹೊರದೇಶದಲ್ಲಿ ಯಾವ ಕಪ್ಪು ಕಲೆ ಕಾಣಬೇಕು ಅನ್ನುವುದರ ಮೇಲೆ ಸರ್ಕಾರದ ಕಣ್ಣಿತ್ತು. 'ಪೋರ್ಗಿ ಅಂಡ್ ಬೆಸ್' ಅನ್ನುವ ಸಂಗೀತ ನಾಟಕ ಸರ್ಕಾರದ ನೆರವಿನಿಂದ ಯುರೋಪಿನಲ್ಲೆಲ್ಲ ಸುತ್ತಿತು. 1955ರ ಕೊನೆಗೆ ಲೆನಿನ್‌ಗ್ರಾಡಿಗೂ ಹೋಯಿತು. ಅದರಲ್ಲಿ ಹಾಡುವವರು ಕಪ್ಪು ಜನ, ಬರೆದವರು ಮಾತ್ರ ಬಿಳಿಯರು. ಹ್ಯಾನ್ಸ್‌ಬೆರಿಯ ನಾಟಕಕ್ಕೆ ಅಂಥ ಮೆರವಣಿಗೆ ಸಿಗಲಿಲ್ಲ. ಅದು ಅನುವಾದಕರ ಕೈಯಲ್ಲಿ, ಅಚ್ಚಾದ ಪ್ರತಿಗಳಲ್ಲಿ, ಒಂದೊಂದೇ ತಂಡದ ಆಸೆಯಲ್ಲಿ ಊರಿಂದೂರಿಗೆ ಹೋಯಿತು.

ಅನುವಾದ ಅಂದೆ. ಶೀರ್ಷಿಕೆಯಿಂದಲೇ ತೊಡಕು ಶುರು. ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ಒಂದು ಕವಿತೆಯಿಂದ ಬಂದ ಹೆಸರು ಅದು. ಮುಂದಕ್ಕೆ ಹಾಕುತ್ತಲೇ ಬಂದ ಕನಸು ಬಿಸಿಲಿಗೆ ಬಿದ್ದ ಒಣದ್ರಾಕ್ಷಿಯ ಹಾಗೆ ಮುರುಟಿಹೋಗುತ್ತದೆಯೇ ಅಂತ ಕವಿ ಕೇಳುತ್ತಾರೆ. ಫ್ರೆಂಚಿನಲ್ಲಿ 'ರೇಜ಼ೆಂ' ಅಂದರೆ ಹಸಿ ದ್ರಾಕ್ಷಿ! ಕಾಗುಣಿತ ಇಂಗ್ಲಿಷಿನದ್ದೇ, ಹಣ್ಣು ಮಾತ್ರ ಇನ್ನೂ ಒಣಗಿಲ್ಲ. ಸ್ವೀಡಿಷ್ ಹೆಸರಿನ ಅರ್ಥವೂ 'ಬಿಸಿಲಿನಲ್ಲೊಂದು ದ್ರಾಕ್ಷಿ' ಅಂತಲೇ. ನನಗೆ ಇದು ತಪ್ಪು ಅನ್ನಿಸುವುದಿಲ್ಲ, ಒಣಗುವುದಕ್ಕೆ ಮುಂಚಿನ ಗಳಿಗೆ ಅದು. ಕನ್ನಡದಲ್ಲಿ ಬೇರೆಯೇ ಪಜೀತಿ. ನಮಗೆ ಒಣದ್ರಾಕ್ಷಿ ಅಂದರೆ ತುಪ್ಪದಲ್ಲಿ ಉಬ್ಬಿ, ಕೇಸರಿಬಾತಿನ ಮೇಲೆ ಗೋಡಂಬಿ ಜೊತೆ ಕೂರುವ ಹಬ್ಬದ ಪದಾರ್ಥ. ಅದನ್ನು ಕೇಳಿದರೆ ಯಾವ ಕನ್ನಡಿಗನಿಗೂ ಬಾಡಿದ ಕನಸು ನೆನಪಾಗುವುದಿಲ್ಲ, ಅಲ್ವಾ?

ಆಮೇಲೆ ನೀನು-ನೀವು. ಇಂಗ್ಲಿಷಿನಲ್ಲಿ ಎಲ್ಲರೂ 'ಯೂ'. ನಾಟಕ ಶುರುವಾಗುವುದೇ ಬೆಳಗಿನ ಅಲಾರಂ ಗಂಟೆಯಿಂದ. ರೂತ್ ಗಂಡನನ್ನು ಎಬ್ಬಿಸುತ್ತಾಳೆ. ಅವನು ಹೆಂಡದಂಗಡಿಯ ಕನಸು ಬಿಚ್ಚುತ್ತಾನೆ, ಅವಳು 'ಮೊಟ್ಟೆ ತಿನ್ನು' ಅನ್ನುತ್ತಾಳೆ. ಅವನು ತನ್ನ ಜೀವದ ಮಾತು ಹೇಳುತ್ತಿದ್ದಾನೆ, ಅವಳಿಗೆ ತಟ್ಟೆಯಲ್ಲಿ ಆರುತ್ತಿರುವ ಮೊಟ್ಟೆ. ಕನ್ನಡದಲ್ಲಿ ಇದು 'ಮೊಟ್ಟೆ ತಿನ್ನೋ' ಆಗಬೇಕೋ 'ಮೊಟ್ಟೆ ತಿನ್ರೀ' ಆಗಬೇಕೋ? ಒಂದು 'ರೀ' ಸೇರಿದರೆ ಇಡೀ ದಾಂಪತ್ಯ ಬೇರೆಯಾಗುತ್ತದೆ. ಫ್ರೆಂಚಿನಲ್ಲಿ, ರಷ್ಯನ್‌ನಲ್ಲಿ, ಚೀನೀಯಲ್ಲಿ ಕೂಡ ಎರಡು ಬಗೆಯ 'ನೀನು' ಇದೆ. ಅಲ್ಲಿನ ಅನುವಾದಕರೂ ಈ ಅಡುಗೆಮನೆಯಲ್ಲಿ ನಿಂತು ತಲೆ ಕೆರೆದುಕೊಂಡಿರಲೇಬೇಕು. ಲಿಂಡ್ನರನದ್ದು ಇನ್ನೂ ಕಷ್ಟ. ಅವನು ಕೊನೆಯವರೆಗೂ 'ನೀವು' ಅನ್ನಬೇಕು. ಮರ್ಯಾದೆಯ ಮಾತಿನಲ್ಲೇ ಅವಮಾನ ಇರುವುದು.

ಇನ್ನೊಂದು ವಿಷಯ. ಅವತ್ತು ಕಡಲು ದಾಟಿದ್ದು ಪೂರ್ತಿ ನಾಟಕ ಅಲ್ಲ. ಬ್ರಾಡ್‌ವೇಯಲ್ಲಿ ಉದ್ದವಾಯಿತು ಅಂತ ಕೆಲವು ಭಾಗ ಕತ್ತರಿಸಿದ್ದರು. ಅದರಲ್ಲಿ ಬೆನಿತಾ ತನ್ನ ಇಸ್ತ್ರಿ ಮಾಡಿದಂಥ ನೇರ ಕೂದಲನ್ನು ಬಿಟ್ಟು, ಹುಟ್ಟಿನ ಗುಂಗುರು ಕೂದಲನ್ನು ಮೋಟಾಗಿ ಬಿಟ್ಟುಕೊಂಡು ಬರುವ ದೃಶ್ಯವೂ ಒಂದು. ಪಕ್ಕದ ಮನೆಯ ಮಿಸೆಸ್ ಜಾನ್ಸನ್ ಬಂದು, ಬಿಳಿಯರ ಬೀದಿಗೆ ಹೋದವರ ಮನೆಗೆ ಬಾಂಬ್ ಹಾಕಿದ ಸುದ್ದಿಯ ಪೇಪರನ್ನು ಉತ್ಸಾಹದಿಂದ ತೋರಿಸುವ ದೃಶ್ಯ ಇನ್ನೊಂದು. ಈ ಎರಡೂ ಮತ್ತೆ ಸೇರಿದ್ದು 1980ರ ದಶಕದಲ್ಲಿ. ಆದ್ದರಿಂದ ಹೊರದೇಶಗಳ ಹಳೆಯ ಪ್ರದರ್ಶನಗಳಲ್ಲಿ ಕಂಡದ್ದು ಸ್ವಲ್ಪ ಹಿತವಾದ ನಾಟಕ. ಬಾಂಬಿನ ಸುದ್ದಿ ಇಲ್ಲದಿದ್ದರೆ ಕೊನೆಯಲ್ಲಿ ಅವರು ಮನೆ ಖಾಲಿ ಮಾಡಿ ಹೊರಡುವುದು ಸುಖಾಂತದ ಹಾಗೆ ಕಾಣುತ್ತದೆ. ಜಾನ್ಸನ್ ಬಂದು ಹೋದ ಮೇಲೆ ಅದೇ ಹೊರಡುವಿಕೆ ಎದೆ ನಡುಗಿಸುತ್ತದೆ.

ಬ್ರಿಟನ್ನಿಗೆ ವಾಪಸ್ ಬರುತ್ತೇನೆ, ಯಾಕೆಂದರೆ ಅಲ್ಲಿ ಏನು ಬದಲಾಯಿತು ಅನ್ನುವುದು ಕಣ್ಣಿಗೆ ಕಾಣುವ ಹಾಗಿದೆ. 2001ರಲ್ಲಿ ಲಂಡನ್ನಿನ ಯಂಗ್ ವಿಕ್ ರಂಗಸಂಸ್ಥೆಯ ಡೇವಿಡ್ ಲ್ಯಾನ್ ಇದನ್ನು ನಿರ್ದೇಶಿಸಿದರು. ಹುಟ್ಟಿದ್ದು ಕೇಪ್ ಟೌನಿನಲ್ಲಿ, ಬಣ್ಣದ ಕಾನೂನು ಏನು ಅಂತ ಕಂಡವರು. 2005ರಲ್ಲಿ ಅದೇ ಪ್ರಯೋಗ ಲಂಡನ್ನಿನ ಲಿರಿಕ್ ಹ್ಯಾಮರ್‌ಸ್ಮಿತ್‌ನಲ್ಲಿ ಮತ್ತೆ ಬಂದಿತು. ರೂತ್ ಪಾತ್ರ ಮಾಡಿದ ನೋಮಾ ದುಮೆಜ಼್ವೇನಿಗೆ ಬ್ರಿಟನ್ನಿನ ರಂಗಭೂಮಿಯ ದೊಡ್ಡ ಪ್ರಶಸ್ತಿ ಒಲಿವಿಯೆ ಸಿಕ್ಕಿತು. ದಕ್ಷಿಣ ಆಫ್ರಿಕಾದ ಅಪ್ಪ-ಅಮ್ಮನಿಗೆ ಸ್ವಾಜಿಲ್ಯಾಂಡಿನಲ್ಲಿ ಹುಟ್ಟಿ, ಚಿಕ್ಕ ವಯಸ್ಸಿನಲ್ಲೇ ನಿರಾಶ್ರಿತಳಾಗಿ ಇಂಗ್ಲೆಂಡಿಗೆ ಬಂದ ಹೆಣ್ಣುಮಗಳು ಆಕೆ. ಇಕ್ಕಟ್ಟು ಮನೆಯಲ್ಲಿ ಎಲ್ಲರ ಬಟ್ಟೆಗೂ ಇಸ್ತ್ರಿ ಹಾಕುತ್ತಾ, ಹೊಸ ಮನೆಯ ಸುದ್ದಿ ಕೇಳಿ ಕುಣಿದಾಡುವ ರೂತ್ ಆಗಿ ನಿಂತವಳು. 1959ರಲ್ಲಿ ಅಮೆರಿಕದಿಂದ ತರಿಸಿದ್ದ ಪಾತ್ರಕ್ಕೆ ಈಗ ಲಂಡನ್ನಿನಲ್ಲೇ ಬೇರು ಬಿಟ್ಟ ನಟಿ ಸಿಕ್ಕಿದ್ದಳು.

2010ರಲ್ಲಿ ಮ್ಯಾಂಚೆಸ್ಟರಿನ ರಾಯಲ್ ಎಕ್ಸ್‌ಚೇಂಜ್. ನಿರ್ದೇಶನ ಮೈಕೆಲ್ ಬಫಾಂಗ್, ವಾಲ್ಟರ್ ಲೀ ಆಗಿ ರೇ ಫಿಯರನ್, ರೂತ್ ಆಗಿ ಜೆನ್ನಿ ಜೂಲ್ಸ್. ಲೀನಾ ಮಾತ್ರ ಅಮೆರಿಕದ ಸ್ಟಾರ್ಲೆಟಾ ಡುಪಾಯ್. ಆಕೆ 1989ರ ಟಿವಿ ಪ್ರಯೋಗದಲ್ಲಿ ರೂತ್ ಆಗಿದ್ದವರು. ಸೊಸೆಯಾಗಿದ್ದವಳು ಇಪ್ಪತ್ತು ವರ್ಷದ ಮೇಲೆ ಅತ್ತೆಯಾಗಿ ಬಂದಳು! ಆ ರಂಗಮಂದಿರದ ಆಕಾರವನ್ನೂ ಹೇಳಬೇಕು. ಅದು ದುಂಡನೆಯದು, ಪ್ರೇಕ್ಷಕರು ಸುತ್ತಲೂ ಕೂರುತ್ತಾರೆ. ಗೋಡೆ ಕಟ್ಟುವ ಹಾಗಿಲ್ಲ. ಉಸಿರುಗಟ್ಟಿಸುವ ಮನೆಯ ಕಥೆಯನ್ನು ಗೋಡೆಯೇ ಇಲ್ಲದ ಜಾಗದಲ್ಲಿ ಆಡಬೇಕು. ಆಗ ಮನೆಯನ್ನು ಇಕ್ಕಟ್ಟು ಮಾಡುವುದು ಸುತ್ತ ಕೂತ ಜನವೇ.

ಆಮೇಲೆ 2016ರಲ್ಲಿ ಡಾನ್ ವಾಲ್ಟನ್ ನಿರ್ದೇಶನದಲ್ಲಿ ಷೆಫೀಲ್ಡಿನಿಂದ ಹೊರಟು ಊರೂರು ಸುತ್ತಿತು. 2024ರಲ್ಲಿ ಟಿನುಕೆ ಕ್ರೇಗ್ ನಿರ್ದೇಶನದಲ್ಲಿ ಲೀಡ್ಸಿನಿಂದ ಹೊರಟಿತು.

ಈಗ ಕಾದು ಕೂತ ದೇಶಗಳ ಕಡೆ ಹೋಗೋಣ. ನನ್ನ ಮಟ್ಟಿಗೆ ಈ ಕಥೆಯ ಮುಖ್ಯ ಭಾಗ ಇದೇ.

ಸ್ವೀಡನ್, 2016. ಊರೂರಿಗೆ ನಾಟಕ ಒಯ್ಯುವ ಅಲ್ಲಿನ ರಾಷ್ಟ್ರೀಯ ಸಂಸ್ಥೆ ರಿಕ್ಸ್‌ತಿಯಾಟರ್ನ್. ಅದರ ಮೂಲಕ ಜೋಸೆಟ್ ಬುಶೆಲ್-ಮಿಂಗೋ ಈ ನಾಟಕ ಮಾಡಿಸಿದರು. ಆಕೆ ಲಂಡನ್ನಿನಲ್ಲಿ ಹುಟ್ಟಿ ಆಗ ಸ್ವೀಡನ್ನಿನಲ್ಲಿ ನೆಲೆಸಿದ್ದ ನಟಿ, ನಿರ್ದೇಶಕಿ. ಯಂಗರ್ ಮನೆಯವರೆಲ್ಲರೂ ಕಪ್ಪು ಸ್ವೀಡಿಷರು, ಸ್ವೀಡಿಷ್ ಮಾತಾಡುವವರು. ಅಲ್ಲಿಯವರೆಗೆ ಒಂದೊಂದು ನಾಟಕದಲ್ಲಿ ಒಬ್ಬೊಬ್ಬರಾಗಿ, ಸಣ್ಣ ಪಾತ್ರಗಳಲ್ಲಿ ಕಾಣುತ್ತಿದ್ದ ನಟರು ಒಂದೇ ಮನೆಯವರಾಗಿ ಒಟ್ಟಿಗೆ ನಿಂತರು. ತಾಯಿ, ಮಗ, ಸೊಸೆ, ಮಗಳು, ಮೊಮ್ಮಗ. ಒಬ್ಬ ಕಪ್ಪು ನಟನಿಗೆ ಒಂದು ಪಾತ್ರ ಸಿಗುವುದಕ್ಕೂ, ಒಂದು ಇಡೀ ಮನೆ ಸಿಗುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಒಬ್ಬನೇ ಇದ್ದಾಗ ಅವನು ತನ್ನ ಬಣ್ಣದ ಪ್ರತಿನಿಧಿ ಆಗಿಬಿಡುತ್ತಾನೆ. ಮನೆ ತುಂಬ ಜನ ಇದ್ದಾಗ ಒಬ್ಬ ಸೋಮಾರಿ, ಒಬ್ಬಳು ಹಟಮಾರಿ, ಒಬ್ಬಳು ಭಕ್ತೆ, ಒಬ್ಬಳಿಗೆ ದೇವರಲ್ಲಿ ನಂಬಿಕೆ ಇಲ್ಲ. ಅವರು ಮನುಷ್ಯರಾಗಿ ಕಾಣುತ್ತಾರೆ.

ಮಾಂಟ್ರಿಯಲ್, 2019. ಕೆನಡಾದ ಫ್ರೆಂಚ್ ಊರು. ದುಸೆಪ್ ಅನ್ನುವ ಹೆಸರಾಂತ ರಂಗಸಂಸ್ಥೆ ಮಿಶ್ಕಾ ಲವೀನ್ ಅವರ ಹೊಸ ಫ್ರೆಂಚ್ ಅನುವಾದವನ್ನು ಮೈಕ್ ಪಯೆಟ್ ನಿರ್ದೇಶನದಲ್ಲಿ ಆಡಿಸಿತು. ದ್ರಾಕ್ಷಿಯ ಗೋಜಿಗೇ ಹೋಗಲಿಲ್ಲ. ಹೆಸರನ್ನು 'ಎರಿತಾಜ್' ಅಂತ ಇಟ್ಟರು, ಅಂದರೆ ಪಿತ್ರಾರ್ಜಿತ. ವಿಮೆ ಹಣವೂ ಅದೇ, ಅವಮಾನವೂ ಅದೇ, ಬಾಗದ ಬೆನ್ನೂ ಅದೇ. ಇದಕ್ಕೆ ಒಂದು ವರ್ಷ ಮುಂಚೆ, 2018ರ ಬೇಸಿಗೆಯಲ್ಲಿ, ಅದೇ ಊರಿನಲ್ಲಿ ದೊಡ್ಡ ಗಲಾಟೆ ಆಗಿತ್ತು. ಗುಲಾಮರ ಹಾಡುಗಳನ್ನಿಟ್ಟುಕೊಂಡು ಕಟ್ಟಿದ ಒಂದು ಪ್ರದರ್ಶನದಲ್ಲಿ ಹಾಡುವವರು ಬಹುಪಾಲು ಬಿಳಿಯರೇ ಆಗಿದ್ದರು. ಪ್ರತಿಭಟನೆ ನಡೆದು ಜಾಜ್ ಉತ್ಸವದಲ್ಲಿ ಅದನ್ನು ನಿಲ್ಲಿಸಿದರು. ಆ ಬಿಸಿ ಆರುವ ಮೊದಲೇ ಫ್ರೆಡೆರಿಕ್ ಪಿಯರ್ ವಾಲ್ಟರ್ ಲೀ ಆಗಿ, ಮಿರೇಯ್ ಮೆತೆಲುಸ್ ಲೀನಾ ಆಗಿ ಬಂದರು.

ಸಿಡ್ನಿ, 2022. ಇದನ್ನು ಓದಿ ನನಗೆ ನಂಬಲಿಕ್ಕೇ ಆಗಲಿಲ್ಲ. ಆಸ್ಟ್ರೇಲಿಯಾದ ಯಾವ ದೊಡ್ಡ ರಂಗಸಂಸ್ಥೆಯೂ ಅಲ್ಲಿಯವರೆಗೆ ಈ ನಾಟಕ ಮುಟ್ಟಿರಲಿಲ್ಲ. ಮೊದಲು ವೇದಿಕೆಗೆ ಬಂದು 63 ವರ್ಷ! ಸಿಡ್ನಿ ಥಿಯೇಟರ್ ಕಂಪನಿಯಲ್ಲಿ ಇದನ್ನು ನಿರ್ದೇಶಿಸಿದ್ದು ವೆಸ್ಲಿ ಇನಾಕ್, ಅಲ್ಲಿನ ಮೂಲನಿವಾಸಿ ಕ್ವಾಂಡಮೂಕಾ ಜನರ ಮಗ. ವಾಲ್ಟರ್ ಲೀ ಆಗಿ ಬರ್ಟ್ ಲಬಾಂಟೆ, ರೂತ್ ಆಗಿ ಜಮೈಕಾದಲ್ಲಿ ಹುಟ್ಟಿದ ಜಾರಾ ನ್ಯೂಮನ್, ಲೀನಾ ಆಗಿ ಗೇಲ್ ಸ್ಯಾಮ್ಯುಯೆಲ್ಸ್. ತನ್ನ ನೆಲದಲ್ಲೇ ತನ್ನವರಿಗೆ ಜಾಗ ಇಲ್ಲ ಅನ್ನಿಸಿಕೊಂಡ ಜನರ ಮಗ, ಬೇರೆ ದೇಶದ ಕಪ್ಪು ಕುಟುಂಬಕ್ಕೆ ಮನೆ ಕಟ್ಟಿಕೊಟ್ಟ.

ಇದರಲ್ಲಿ ಇನ್ನೊಂದು ನೋವಿದೆ. ಹ್ಯಾನ್ಸ್‌ಬೆರಿಯ ನಾಟಕದ ಮೇಲೆ ಬ್ರೂಸ್ ನಾರಿಸ್ ಅನ್ನುವ ಬಿಳಿಯ ನಾಟಕಕಾರ 2010ರಲ್ಲಿ 'ಕ್ಲೈಬೋರ್ನ್ ಪಾರ್ಕ್' ಬರೆದರು. ಯಂಗರ್ ಮನೆಯವರು ಕೊಂಡ ಆ ಮನೆಯಲ್ಲಿ, ಮಾರಿದ ಬಿಳಿಯರ ಕಡೆಯಿಂದ ಶುರುವಾಗುವ ಕಥೆ. ಲಿಂಡ್ನರ್ ಅಲ್ಲೂ ಬರುತ್ತಾನೆ. ಎರಡನೇ ಅಂಕ 50 ವರ್ಷದ ಮೇಲೆ ಅದೇ ಮನೆಯಲ್ಲಿ. ಪುಲಿಟ್ಜರ್ ಪ್ರಶಸ್ತಿ ಬಂತು, ಒಲಿವಿಯೆ ಬಂತು, ಟೋನಿ ಬಂತು. ಮೆಲ್ಬರ್ನಿನ ದೊಡ್ಡ ರಂಗಸಂಸ್ಥೆ 2011ರಲ್ಲೇ ಅದನ್ನು ಆಡಿತು. ಅಂದರೆ ಆಸ್ಟ್ರೇಲಿಯಾದ ದೊಡ್ಡ ವೇದಿಕೆಗೆ ಮಗು ಮೊದಲು ಬಂದು, ತಾಯಿ ಹನ್ನೊಂದು ವರ್ಷ ತಡವಾಗಿ ಬಂದಳು.

ಆದರೆ ನಾರಿಸ್ ಮಾಡಿದ ಒಂದು ಕೆಲಸವನ್ನು ನೆನೆಯಲೇಬೇಕು. 2012ರಲ್ಲಿ ಬರ್ಲಿನ್ನಿನ ಡಾಯ್ಚಸ್ ಥಿಯೇಟರ್ 'ಕ್ಲೈಬೋರ್ನ್ ಪಾರ್ಕ್' ಆಡಲು ಹೊರಟಿತು. ಕಪ್ಪು ಹೆಂಗಸಿನ ಪಾತ್ರಕ್ಕೆ ಬಿಳಿ ನಟಿಯನ್ನು ಹಾಕಿದ್ದಾರೆ, ಮುಖಕ್ಕೆ ಕಪ್ಪು ಬಳಿಯುವ ಯೋಚನೆ ಇದೆ ಅಂತ ಗೊತ್ತಾದಾಗ ನಾರಿಸ್ ಹಕ್ಕನ್ನೇ ವಾಪಸ್ ತೆಗೆದುಕೊಂಡರು. ಅದೇ ವರ್ಷದ ಶುರುವಿನಲ್ಲಿ ಬರ್ಲಿನ್ನಿನ ಇನ್ನೊಂದು ರಂಗಮಂದಿರದಲ್ಲೂ ಬಿಳಿ ನಟನ ಮುಖಕ್ಕೆ ಮಸಿ ಬಳಿದದ್ದಕ್ಕೆ ಪ್ರತಿಭಟನೆ ಆಗಿತ್ತು. ಅಲ್ಲಿನ ರಂಗಭೂಮಿಯ ವಾದ ಏನೆಂದರೆ, ನಟ ಯಾರ ವೇಷವನ್ನಾದರೂ ಹಾಕಬಹುದು, ಅದು ಅವನ ಕಲೆ. ಹೆಣ್ಣಿನ ವೇಷ, ರಾಕ್ಷಸನ ವೇಷ ನೋಡಿ ಬೆಳೆದ ನಮಗೆ ಈ ವಾದ ತಕ್ಷಣ ಸರಿ ಅನ್ನಿಸಿಬಿಡುತ್ತದೆ. ತೊಂದರೆ ಎಲ್ಲಿದೆ ಅಂದರೆ, ಆ ಊರಿನಲ್ಲಿ ಕಪ್ಪು ನಟರು ಇದ್ದರು. ಅವರಿಗೆ ಜರ್ಮನ್ ಮಾತೃಭಾಷೆ. ರಾಜನ ಪಾತ್ರ ಕೇಳಿದರೆ 'ನೀವು ಹೊಂದುವುದಿಲ್ಲ' ಅನ್ನುತ್ತಿದ್ದರು. ಕಪ್ಪು ಪಾತ್ರ ಬಂದಾಗ 'ಬಣ್ಣ ಬಳಿದರೆ ಆಯಿತು, ನೀವು ಬೇಡ' ಅಂದರೆ ಅವರು ಎಲ್ಲಿಗೆ ಹೋಗಬೇಕು?

ಹಾಗಿದ್ದರೆ ಕಪ್ಪು ನಟರು ಸಿಗದ ಕಡೆ ಏನು ಮಾಡೋದು? ಬೀಜಿಂಗಿನಲ್ಲಿ ಇದಕ್ಕೊಂದು ಉತ್ತರ ಸಿಕ್ಕಿತು. 2020ರ ಸೆಪ್ಟೆಂಬರಿನಲ್ಲಿ ಬೀಜಿಂಗ್ ಪೀಪಲ್ಸ್ ಆರ್ಟ್ ಥಿಯೇಟರ್ ಹ್ಯಾನ್ಸ್‌ಬೆರಿಯ ನಾಟಕ ಆಡಿತು. ನಿರ್ದೇಶಕ ಯಿಂಗ್ ದಾ. ಅನುವಾದ ಅವರ ತಾಯಿ ವು ಷಿಲಿಯಾಂಗ್ ಅವರದು, 1960ರ ದಶಕದಲ್ಲಿ ಮಾಡಿಟ್ಟದ್ದು. ತಂದೆ ಯಿಂಗ್ ರುವೊಚೆಂಗ್, 1983ರಲ್ಲಿ ಅಮೆರಿಕದ ನಾಟಕಕಾರ ಆರ್ಥರ್ ಮಿಲ್ಲರ್ ಬಂದು ಇದೇ ಸಂಸ್ಥೆಗೆ ತಮ್ಮ 'ಡೆತ್ ಆಫ್ ಎ ಸೇಲ್ಸ್‌ಮನ್' ಮಾಡಿಸಿದಾಗ ಸೇಲ್ಸ್‌ಮನ್ ಆಗಿ ಆಡಿದ್ದ ನಟ. ಆಗಲೇ ಮಿಲ್ಲರ್ ಅಲ್ಲಿನ ನಟರಿಗೆ ಹೇಳಿದ್ದರು, ಅಮೆರಿಕದವರ ಹಾಗೆ ಕಾಣಲು ವಿಗ್ಗು ಗಿಗ್ಗು ಹಾಕಬೇಡಿ, ಚೀನೀಯರಾಗಿಯೇ ಆಡಿ ಅಂತ. ಮಗ ಯಿಂಗ್ ದಾ ಅದೇ ದಾರಿ ಹಿಡಿದರು. ನಟರ ಮುಖಕ್ಕೆ ಕಪ್ಪು ಬಳಿಯಲಿಲ್ಲ. ತಾಯಿಯ ಅನುವಾದ ಮಗನ ಕೈಯಲ್ಲಿ ವೇದಿಕೆಗೆ ಬರಲು ಅರ್ಧ ಶತಮಾನ ಬೇಕಾಯಿತು. ಹಳ್ಳಿಯಿಂದ ನಗರಕ್ಕೆ ಬಂದು ಒಂದೇ ಕೋಣೆಯಲ್ಲಿ ಮನೆಮಂದಿಯೆಲ್ಲ ಇದ್ದವರು ಬೀಜಿಂಗಿನಲ್ಲಿ ಎಷ್ಟೋ ಜನ. ಅವರಿಗೆ ಇದು ಪಕ್ಕದ ಮನೆ ಕಥೆಯ ಹಾಗೇ ಕಂಡಿರಬೇಕು.

ಕಾದು ಕೂತ ಈ ದೇಶಗಳ ಪ್ರಯೋಗ ಯಾವುದನ್ನೂ ಹ್ಯಾನ್ಸ್‌ಬೆರಿ ನೋಡಲಿಲ್ಲ. 1965ರ ಜನವರಿ 12ರಂದು, 34ನೇ ವಯಸ್ಸಿಗೆ, ಕ್ಯಾನ್ಸರಿನಿಂದ ತೀರಿಕೊಂಡರು.

ಮತ್ತೆ ನಮ್ಮ ತಾರಸಿಗೆ ಬರುತ್ತೇನೆ. ಆ ಸಂಜೆ ಎದ್ದ ಇನ್ನೊಂದು ಪ್ರಶ್ನೆ: ಇದನ್ನು ಕನ್ನಡದಲ್ಲಿ ಆಡಿದರೆ ಯಾರು ಆಡಬೇಕು? ನಮ್ಮಲ್ಲಿ ರೂಪಾಂತರ ಅನ್ನುವ ಸುಲಭದ ದಾರಿ ಇದೆ. ಷಿಕಾಗೋ ತೆಗೆದು ನಮ್ಮೂರು ಹಾಕಿ, ಯಂಗರ್ ಮನೆಯವರನ್ನು ಯಾವುದೋ ಕೇರಿಯಿಂದ ಲೇಔಟಿಗೆ ಬರುವವರನ್ನಾಗಿ ಮಾಡಬಹುದು. ಕಥೆ ಒಂದೂ ಎಳೆ ತಪ್ಪದೆ ಕೂರುತ್ತದೆ. ಅಷ್ಟು ಸರಾಗವಾಗಿ ಕೂರುತ್ತದಲ್ಲ, ಅದೇ ಸಂಕಟ.

ಆಗ ಒಬ್ಬರು ಮಂಚಿಕೇರಿಯ ಸಿದ್ದಿಯರ ನೆನಪು ತೆಗೆದರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ತಲೆಮಾರುಗಳಿಂದ ಇರುವವರು, ಆಫ್ರಿಕಾ ಮೂಲದ ನಮ್ಮವರು. ಚಿದಂಬರರಾವ್ ಜಂಬೆ 1980ರ ದಶಕದಲ್ಲಿ ಅವರ ಜೊತೆ 'ಕಪ್ಪು ಜನ ಕೆಂಪು ನೆರಳು' ಮಾಡಿಸಿದ್ದರು, ನೈಜೀರಿಯಾದ ಚಿನುವ ಅಚಿಬೆಯ ಕಾದಂಬರಿಯಿಂದ. ಆಮೇಲೆ ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿ ಅವರಂಥ ನಟರು ನೀನಾಸಂನಲ್ಲಿ ಕಲಿತು ಬಂದರು. 'ಅವರೇ ಆಡಲಿ' ಅಂತ ನಾನಂದೆ. 'ಮುಖ ನೋಡಿ ಪಾತ್ರ ಕೊಡ್ತೀಯಾ? ಅವರು ಷಿಕಾಗೋದವರಲ್ಲ, ಮಂಚಿಕೇರಿಯವರು' ಅಂತ ಇನ್ನೊಬ್ಬರು ಮಾತು ತಡೆದರು. ಇಬ್ಬರ ಮಾತೂ ಸರಿ ಅನ್ನಿಸಿತು. ಅವರನ್ನೇ ಕೇಳದೆ ನಾವು ನಾಲ್ಕು ಜನ ಕೂತು ತೀರ್ಮಾನ ಮಾಡುವ ವಿಷಯ ಅಲ್ಲ ಅಂತಲೂ ಅನ್ನಿಸಿತು.

ಕತ್ತಲಾಗಿತ್ತು. ಮೊದಲ ದೃಶ್ಯವನ್ನು ಇನ್ನೊಮ್ಮೆ ಕನ್ನಡದಲ್ಲಿ ಓದೋಣ ಅಂತ ಶುರು ಮಾಡಿದೆವು. ರೂತ್ ಪಾತ್ರ ಓದುತ್ತಿದ್ದವರು 'ರೀ'ಯನ್ನೂ ಬಿಟ್ಟರು, 'ಓ'ವನ್ನೂ ಬಿಟ್ಟರು. ಹೆಸರನ್ನೂ ಹಿಡಿಯಲಿಲ್ಲ. ಪುಸ್ತಕದಿಂದ ತಲೆ ಎತ್ತದೆ, ನಿದ್ದೆಗಣ್ಣಿನ ಹೆಂಗಸಿನ ದನಿಯಲ್ಲಿ, 'ಮೊಟ್ಟೆ ಆರಿಹೋಗ್ತಿದೆ' ಅಂದರು.